ಸಾದಾ ವೈರನ್ನು ನಂಬಿದ್ದು

ಅಕ್ಕಾವರ ಹಾಡುಗಳ ಸಿ.ಡಿ. ಕೆಲಸ ಅರ್ಧಕ್ಕೆ ಬಂದಾಗ ನನ್ನ ಇಯರ್‌ಫೋನಿನ ಎಡಗಿವಿ ಸುಮ್ಮನಾಯಿತು. ವೈರನ್ನು ಬಗ್ಗಿಸಿ ಹಿಡಿದರೆ ಸದ್ದು ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಕಿವಿಯ ಮೇಲಿಂದ ಸುತ್ತಿ ಬರುವ ಜಾಗದಲ್ಲಿ ಬೆವರು ಕುಡಿದು ಕುಡಿದು ಅದು ಒಣ ಕಡ್ಡಿಯಂತೆ ಬಿರುಸಾಗಿತ್ತು.

ಎರಡು ಸಾವಿರದ ಎಂಟರ ಆಸುಪಾಸಿನ ಮಾತು. ಧಾರವಾಡದ ಮಾಳಮಡ್ಡಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ಸ್ಟುಡಿಯೋ ಅಂದರೆ ಹಳೆಯ ಮನೆಯೊಂದರ ಹಿಂದಿನ ಎರಡು ಕೋಣೆಗಳು. ಒಂದರಲ್ಲಿ ಹಾಡುವವರು, ಇನ್ನೊಂದರಲ್ಲಿ ಕಂಪ್ಯೂಟರಿನ ಮುಂದೆ ನಾನು. ರೈಲು ನಿಲ್ದಾಣ ಹತ್ತಿರ. ಗೂಡ್ಸ್ ಗಾಡಿ ಹೋಗುವಾಗ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. ಅಂಥಲ್ಲಿ ಸ್ಪೀಕರ್ ಹಚ್ಚಿ ದನಿ, ತಬಲಾ, ಹಾರ್ಮೋನಿಯಂಗಳನ್ನು ಒಂದಕ್ಕೊಂದು ಹದವಾಗಿ ಕೂಡಿಸುವುದು ಸಾಧ್ಯವಿರಲಿಲ್ಲ. ಅದಕ್ಕೇ ಮಾಲಕರು ದುಬೈಯಲ್ಲಿದ್ದ ಅಳಿಯನಿಂದ ಈ ಇಯರ್‌ಫೋನ್ ತರಿಸಿದ್ದರು. ಕಿವಿಯೊಳಗೆ ಬಿಗಿಯಾಗಿ ಕೂತು ಹೊರಗಿನ ಸದ್ದನ್ನೆಲ್ಲ ತಡೆಯುತ್ತಿತ್ತು. ಅದರ ವೈರನ್ನು ಬಿಚ್ಚಿ ಬೇರೆಯದನ್ನು ಹಾಕಬಹುದಿತ್ತು. ವೈರಿನ ತುದಿಯಲ್ಲಿ ಕಿವಿಗೆ ಎರಡೆರಡು ಪುಟ್ಟ ಪಿನ್ನು, ಒತ್ತಿದರೆ ಕೂರುತ್ತಿತ್ತು, ಎಳೆದರೆ ಬರುತ್ತಿತ್ತು.

ಅಕ್ಕಾವರು ಹತ್ತಿರದ ಮುಗದ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿ, ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅರವತ್ತೈದು ದಾಟಿತ್ತು. ಅಷ್ಟು ವರ್ಷ ಹಾಡಿದ್ದರೂ ಅವರ ದನಿ ಎಲ್ಲೂ ಮುದ್ರಣವಾಗಿರಲಿಲ್ಲ. ಶಿಷ್ಯೆಯರೆಲ್ಲ ಸೇರಿ ಒತ್ತಾಯ ಮಾಡಿ ಕರೆತಂದಿದ್ದರು. ತುಂಬಿದ ದನಿ, ಕೆಳಗಿನ ಸ್ವರಗಳಲ್ಲಿ ತುಸು ಮಣ್ಣಿನ ಒರಟು. ರೈಲಿನ ವೇಳಾಪಟ್ಟಿ ಎದುರಿಗಿಟ್ಟುಕೊಂಡು ಎಂಟು ಹಾಡು ಮುದ್ರಿಸಿ ಮುಗಿಸಿದ್ದೆವು. ಇನ್ನು ಹದಗೊಳಿಸುವ ಕೆಲಸ ಮಾತ್ರ ಉಳಿದಿತ್ತು.

ಹಳೆಯ ವೈರಿನಂಥದು ಎಲ್ಲೂ ಸಿಗಲಿಲ್ಲ. ಮಾಲಕರು ಹುಬ್ಬಳ್ಳಿಯ ವ್ಯಾಪಾರಿಯೊಬ್ಬನಿಗೆ ಫೋನು ಮಾಡಿದರು. ಮದುವೆ ಆರ್ಕೆಸ್ಟ್ರಾದವರಿಗೆ ಮೈಕು, ಮಿಕ್ಸರು, ವೈರು ಒದಗಿಸುವವನು. ಮರುದಿನವೇ ಚರ್ಮದ ಚೀಲದೊಂದಿಗೆ ಬಂದು ಮೇಜಿನ ಮೇಲೆ ಮೂರು ವೈರುಗಳನ್ನು ಸಾಲಾಗಿ ಹಾಸಿದ.

“ಇದು ಸಾದಾ ತಾಮ್ರದ್ದ್ರಿ. ಇದು ತಾಮ್ರದ ಮ್ಯಾಲ ತೆಳ್ಳಗ ಬೆಳ್ಳಿ ಮುಲಾಮು ಹಾಕಿದ್ದು. ಇದು ಪೂರಾ ಬೆಳ್ಳೀದು. ಒಂದಾದ ಮ್ಯಾಲ ಒಂದ ಹಾಕ್ಕೊಂಡ ಕೇಳ್ರಿ. ನಾ ಏನೂ ಹೇಳೂದಿಲ್ಲ, ನಿಮ್ಮ ಕಿವೀನ ಹೇಳ್ತಾವ.”

“ಎಷ್ಟ ದಿನ ಇಟ್ಕೋಬಹುದು?” ಮಾಲಕರು ಕೇಳಿದರು.

“ಹದಿನೈದ ದಿನ ಇರಲಿ. ಬೇಕಾದ್ದ ಇಟ್ಕೊಂಡು ಉಳದದ್ದ ಕೊಡ್ರಿ. ಒಂದ ಮಾತಷ್ಟ ನಡಸಿಕೊಡ್ರಿ. ಯಾವುದು ಹ್ಯಾಂಗ ಕೇಳತೈತಿ ಅಂತ ನಿಮ್ಮ ಸ್ಟುಡಿಯೋದ ಕಾಗದದ ಮ್ಯಾಲ ನಾಕ ಸಾಲ ಬರದ ಕೊಡ್ರಿ. ಆರ್ಕೆಸ್ಟ್ರಾದವ್ರಿಗೆ ತೋರಸಾಕ ಬೇಕು.”

‘ನಾ ಏನೂ ಹೇಳೂದಿಲ್ಲ’ ಎಂದ ಮಾತೇ ನನ್ನ ತಲೆಯಲ್ಲಿ ಕೊರೆಯತೊಡಗಿತು. ಏನೂ ಹೇಳದೆ ಮಾರುವವನು ಹೇಳಿ ಮಾರುವವನಿಗಿಂತ ಜಾಣ ಎಂದು ನನ್ನ ಲೆಕ್ಕ. ವೈರು ಎಂದರೆ ಲೋಹ. ಕರೆಂಟು ಈ ಕಡೆಯಿಂದ ಆ ಕಡೆ ಹೋದರೆ ಮುಗಿಯಿತು. ಬೆಳ್ಳಿಯಾದರೇನು, ತಾಮ್ರವಾದರೇನು ಎಂದುಕೊಂಡು ನೋಟ್‌ಬುಕ್ ತೆಗೆದು ಕೂತೆ. ಅವನ ಸುಳ್ಳು ಹಿಡಿಯಬೇಕೆಂಬುದು ನನ್ನ ಉದ್ದೇಶವಾಗಿತ್ತು.

ಅಕ್ಕಾವರ ಮೂರನೇ ಹಾಡಿನ ಮೊದಲ ಎರಡು ನಿಮಿಷವನ್ನು ಆರಿಸಿಕೊಂಡು ಒಂದೊಂದು ವೈರಿನಲ್ಲೂ ಕೇಳಿದೆ. ಸಾದಾ ವೈರಿನಲ್ಲಿ ಸದ್ದು ಸಣ್ಣದಾಗಿತ್ತು, ಗುಂಡಿ ತಿರುಗಿಸಿ ಏರಿಸಿಕೊಂಡೆ. ಆದರೂ ತಬಲಾದ ಅಂಚಿನ ಹೊಡೆತ ಮಬ್ಬು. ಮುಲಾಮಿನದರಲ್ಲಿ ಅದು ಚೊಕ್ಕವಾಗಿ ಬಂತು. ಪೂರಾ ಬೆಳ್ಳಿಯದನ್ನು ಹಾಕಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ತಂಬೂರಿ ತಲೆಯ ಎರಡೂ ಬದಿಗೆ ಹರಡಿ, ಕೋಣೆಯ ಗೋಡೆಗಳೇ ಹಿಂದೆ ಸರಿದಂತಾಯಿತು. ‘ಮೂರನೆಯದು ದನಿಯನ್ನು ಬಹಳ ಅಗಲ ಮಾಡುತ್ತದೆ’ ಎಂದು ಬರೆದೆ. ಬರೆದ ಕೈಯ ಮೇಲೇ ಸಿಟ್ಟು ಬಂತು. ಸುಳ್ಳು ಹಿಡಿಯಲು ಕೂತವನು ಅವನ ಪರವಾಗಿ ಸಾಕ್ಷಿ ಬರೆಯುತ್ತಿದ್ದೆ.

ಮರುದಿನ ಬೆಳಿಗ್ಗೆ ಮತ್ತೆ ಮೂರನೆಯದನ್ನೇ ಹಾಕಿದೆ. ಈ ಸಲ ಒಂದು ಸಂಗತಿ ಕಾಡಿತು. ತಂಬೂರಿ ಹರಡಿತ್ತು, ನಿಜ, ಆದರೆ ನಟ್ಟನಡುವೆ ಇರಬೇಕಾದ ಅಕ್ಕಾವರು ಎಲ್ಲಿ? ಅವರ ದನಿ ಹಿಂದಲೆಯಲ್ಲೆಲ್ಲೋ ತೇಲುತ್ತಿತ್ತು. ವೈರು ಕಿತ್ತು ಭೂತಗನ್ನಡಿ ಹಿಡಿದು ನೋಡಿದೆ. ಪಿನ್ನಿನ ಬದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕಿ ಇತ್ತು. ಎರಡೂ ಕಿವಿಯಲ್ಲಿ ಚುಕ್ಕಿ ಹೊರಗೆ ಬರಬೇಕು. ಬಲಗಿವಿಯದನ್ನು ನಾನು ತಿರುವುಮುರುವಾಗಿ ಚುಚ್ಚಿದ್ದೆ. ಹಾಗೆ ಮಾಡಿದರೆ ಒಂದು ಕಿವಿಯ ಸ್ಪೀಕರಿನ ಪರದೆ ಮುಂದೆ ಹೋದಾಗ ಇನ್ನೊಂದರದು ಹಿಂದೆ ಹೋಗುತ್ತದೆ, ನಡುವಿನ ದನಿ ಕರಗಿಹೋಗುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಿದವನು ನನ್ನದೇ ತಪ್ಪನ್ನು ಬೆಳ್ಳಿಯ ಗುಣವೆಂದು ಬರೆದುಕೊಂಡಿದ್ದೆ. ಸರಿಯಾಗಿ ಚುಚ್ಚಿದೊಡನೆ ಗೋಡೆಗಳು ಮೊದಲಿನ ಜಾಗಕ್ಕೆ ಬಂದವು.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ ಎನ್ನಲಾರೆ, ಆದರೆ ಅದಕ್ಕಿಂತ ಹೆಚ್ಚಾಗಿ ವ್ಯಾಪಾರಿಯ ಮೇಲೆ ಅನುಮಾನ ಬೆಳೆಯಿತು. ಚುಕ್ಕಿಯನ್ನು ಅಷ್ಟು ಸಣ್ಣದಾಗಿ ಯಾಕೆ ಇಟ್ಟ? ಬೇಕೆಂದೇ ಇಟ್ಟನೇ? ಇಂಥ ಅನುಮಾನಕ್ಕೆ ತಲೆ ಇರುವುದಿಲ್ಲ, ಬಾಲ ಇರುವುದಿಲ್ಲ. ಈಗ ನಗು ಬರುತ್ತದೆ, ಆಗ ಬರಲಿಲ್ಲ. ನಾನು ಹೀಗೆ ತೀರ್ಮಾನಿಸಿದೆ: ಹೊಳಪಿನ ವೈರುಗಳು ಏನೋ ಬಣ್ಣ ಹಚ್ಚುತ್ತಿವೆ, ನನ್ನ ಕಿವಿಯೂ ಮೋಸ ಹೋಗುವಂಥದ್ದು, ಆದ್ದರಿಂದ ಅವನು ಮಾರಲು ಬಯಸದ ವೈರೇ ಪ್ರಾಮಾಣಿಕ. ಸಾದಾ ವೈರನ್ನು ಕೈಗೆತ್ತಿಕೊಂಡೆ. ಮಲ್ಟಿಮೀಟರಿನಲ್ಲಿ ತುದಿಯಿಂದ ತುದಿಗೆ ಪರೀಕ್ಷಿಸಿದೆ. ‘ಬೀಪ್’ ಎಂದಿತು. ಸದ್ದು ಕೇಳಿದ ಮೇಲೆ ಪರದೆಯ ಅಂಕಿ ನೋಡಲಿಲ್ಲ. ವೈರು ಕಡಿದಿಲ್ಲ, ಅಷ್ಟು ಸಾಕೆಂದುಕೊಂಡೆ.

ಮುಂದಿನ ಎಂಟು ದಿನ ಆ ವೈರಿನಲ್ಲೇ ಕೆಲಸ ಮಾಡಿದೆ. ಅಕ್ಕಾವರ ದನಿ ದಪ್ಪ ಬಟ್ಟೆಯ ಹಿಂದಿನಿಂದ ಬಂದಂತೆ ಕೇಳುತ್ತಿತ್ತು. ಇದೇ ನಿಜವಾದ ಮುದ್ರಣ, ಇಲ್ಲಿಯವರೆಗೆ ಹಳೆಯ ವೈರು ನನ್ನನ್ನು ಮರುಳುಮಾಡಿತ್ತು ಎಂದುಕೊಂಡು ಮೇಲಿನ ಸ್ವರಗಳ ಹೊಳಪನ್ನು ಸ್ವಲ್ಪ ಏರಿಸಿದೆ. ಮರುದಿನ ಇನ್ನೂ ಸ್ವಲ್ಪ. ತಬಲಾ ಮಬ್ಬೆನಿಸಿತು, ಅದಕ್ಕೂ ಏರಿಸಿದೆ. ಒಂದೊಂದು ದಿನದ ಏರಿಕೆ ಸಣ್ಣದೇ. ಎಂಟು ದಿನದ್ದು ಸೇರಿ ಎಷ್ಟಾಯಿತೆಂದು ನಾನು ನೋಡಲಿಲ್ಲ. ಮೂಲಪ್ರತಿ ಸಿದ್ಧವಾಯಿತು. ಮಾಲಕರು ಅದನ್ನು ಪ್ರತಿ ತೆಗೆಯುವವರಿಗೆ ಕಳಿಸಿ, ನಮೂನೆಗೆಂದು ಬಂದ ಮೊದಲ ಕೆಲವನ್ನು ಅಕ್ಕಾವರಿಗೆ ಮುಟ್ಟಿಸಿದರು.

ಎರಡನೆಯ ದಿನ ಹನ್ನೊಂದರ ಹೊತ್ತಿಗೆ ಅಕ್ಕಾವರು ತಾವೇ ಬಂದರು. ಸಿ.ಡಿ.ಯನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡಿದ್ದರು. ಕೂರಲಿಲ್ಲ.

“ತಮ್ಮಾ, ಇದು ಯಾರ ದನಿ?”

“ನಿಮ್ಮದ ರೀ ಅಕ್ಕಾರ.”

“ನಂದು ಅಂತ ನನಗೂ ಗೊತ್ತೈತಿ. ಹಿಂಗ ಯಾವಾಗಿಂದ ಆತು ಅಂತ ಕೇಳಾಕ ಬಂದೀನಿ. ‘ಸ’ ಅಂದಲ್ಲೆಲ್ಲ ಸೀಟಿ ಹೊಡದಂಗ ಕೇಳತೈತಿ. ಗಂಟಲದಾಗ ಹನಿ ನೀರಿಲ್ಲದವರು ಹಾಡಿದಂಗ ಐತಿ.”

ನಾನು ಬಾಯಿ ತೆರೆಯುವ ಮೊದಲು ಮಾಲಕರು ನಡುವೆ ಬಂದರು. “ಮಶೀನಿನ್ಯಾಗ ಕೇಳಿದಾಗ ಎಲ್ಲಾರಿಗೂ ಹಂಗ ಅನಸತೈತ್ರಿ. ತಮ್ಮ ದನಿ ತಮಗ ಹಿಡಸೂದಿಲ್ಲ. ವಯಸ್ಸೂ ಒಂದ ಇರತೈತಿ, ತಪ್ಪ ತಿಳ್ಕೋಬ್ಯಾಡ್ರಿ.”

ಅಕ್ಕಾವರು ನನ್ನತ್ತ ನೋಡಿದರು. ನಾನು ಏನಾದರೂ ಹೇಳಬಹುದೆಂದು ಕಾದಂತಿತ್ತು. ನನಗೂ ಒಳಗೊಳಗೇ ಮಾಲಕರ ಮಾತು ಸರಿ ಎನಿಸಿತ್ತು. ಸುಮ್ಮನಿದ್ದೆ.

“ಇದ್ದರೂ ಇರಬೇಕು,” ಎಂದರು. “ಇಷ್ಟ ವರ್ಷ ಒಳಗಿಂದ ಕೇಳೀನಿ. ಹೊರಗ ನಿಂತ ಕೇಳಿದ್ದಿಲ್ಲ.” ಸಿ.ಡಿ.ಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದರು.

ಅವರು ಹೋದ ಮೇಲೆ ಆ ಸಿ.ಡಿ. ಮೇಜಿನ ಮೇಲೆಯೇ ಇತ್ತು. ಸಂಜೆ ಮನೆಗೆ ಒಯ್ದು ನಮ್ಮ ಸಾಧಾರಣ ಪ್ಲೇಯರಿಗೆ ಹಾಕಿದೆ. ಎರಡು ಸಾಲು ಕೇಳುವಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, “ಅದನ್ಯಾಕ ಅಷ್ಟ ಚೀರಸಾಕತ್ತೀರಿ?” ಎಂದಳು. ನಮ್ಮ ಪ್ಲೇಯರ್ ಸರಿಯಿಲ್ಲ ಎಂದುಕೊಂಡೆ. ಮರುದಿನ ಗೆಳೆಯನ ಕಾರಿನಲ್ಲಿ ಕೇಳಿದೆ, ಅಲ್ಲೂ ಚೀರುತ್ತಿತ್ತು. ಪ್ರತಿ ತೆಗೆಯುವವರು ಕೆಡಿಸಿರಬೇಕೆಂದು ನನ್ನ ಮೂಲಪ್ರತಿಯನ್ನೇ ಹಾಕಿ ನೋಡಿದೆ, ಅದೂ ಹಾಗೆಯೇ. ಮೈಕಿನ ಮೇಲೆ ಅನುಮಾನಪಟ್ಟೆ, ಕಂಪ್ಯೂಟರಿನ ಮೇಲೆ ಪಟ್ಟೆ, ಕೊನೆಗೆ ನಲವತ್ತು ದಾಟಿದ ನನ್ನ ಕಿವಿಗಳ ಮೇಲೂ ಪಟ್ಟೆ. ಸ್ಟುಡಿಯೋಕ್ಕೆ ಬಂದು ಸಾದಾ ವೈರಿನಲ್ಲಿ ಕೇಳಿದರೆ ಅದೇ ಹಾಡು ಹದವಾಗಿ, ಇಂಪಾಗಿ ಕೇಳುತ್ತಿತ್ತು. ಜಗತ್ತಿನ ಪ್ಲೇಯರುಗಳೆಲ್ಲ ಕೆಟ್ಟು ನನ್ನದೊಂದೇ ಸರಿಯಿರಲು ಸಾಧ್ಯವೇ?

ನನ್ನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎಲ್ಲವನ್ನೂ ಕೇಳಿ ಅಂದಳು: “ನಿಮಗ ಯಾವ ವಾಯರ್ ಹಾಕ್ಕೊಂಡೀರಿ ಅಂತ ಗೊತ್ತಿರತೈತಿ. ಹಿಂಗಾಗಿ ಏನ ಕೇಳಬೇಕಂತೀರಿ ಅದ ಕೇಳತೈತಿ. ನಮ್ಮಲ್ಲಿ ಸ್ಯಾಂಪಲ್ ಮ್ಯಾಲ ಹೆಸರ ಬರಿಯೂದಿಲ್ಲ, ನಂಬರ್ ಅಷ್ಟ. ಗೊತ್ತಿಲ್ಲದಂಗ ಕೇಳ್ರಿ.”

ರವಿವಾರ ಮಧ್ಯಾಹ್ನ ಇಬ್ಬರೂ ಸ್ಟುಡಿಯೋದಲ್ಲಿ ಕೂತೆವು. ಬೆಳ್ಳಿಯ ವೈರು ತುಸು ಭಾರ, ಮುಲಾಮಿನದು ಬಿರುಸು. ಮೈಗೆ ತಾಗಿದರೆ ಗುರುತು ಹತ್ತುತ್ತಿತ್ತು. ಅವಳು ಮೂರಕ್ಕೂ ಹಳೆಯ ಕರಿ ಬಟ್ಟೆಯಿಂದ ವೈರನ್ನು ಮುಚ್ಚುವ ಒಂದೇ ಥರದ ಗವಸು ಹೊಲಿದು ತಂದಿದ್ದಳು. ಸದ್ದು ದೊಡ್ಡದಾಗಿದ್ದರೆ ಅದೇ ಚೆನ್ನಾಗಿದೆ ಎಂದು ಕಿವಿ ಹೇಳುತ್ತದೆ, ಹೀಗಾಗಿ ಮೂರನ್ನೂ ಒಂದೇ ಮಟ್ಟಕ್ಕೆ ತರಬೇಕಿತ್ತು. ಅವಳ ಲ್ಯಾಬಿನಿಂದ ತಂದ ರಬ್ಬರ್ ನಳಿಗೆಯ ತುಂಡಿನ ಒಂದು ತುದಿಗೆ ಇಯರ್‌ಫೋನ್, ಇನ್ನೊಂದು ತುದಿಗೆ ಸಣ್ಣ ಮೈಕು ಸಿಕ್ಕಿಸಿ, ಒಂದೇ ನಾದವನ್ನು ನುಡಿಸಿ, ಪರದೆಯ ಮೇಲಿನ ಗುರುತು ಒಂದೇ ಕಡೆ ನಿಲ್ಲುವಂತೆ ಪ್ರತಿ ವೈರಿಗೂ ಗುಂಡಿಯ ಜಾಗವನ್ನು ಬರೆದುಕೊಂಡೆವು. ಕೆಂಪು ಚುಕ್ಕಿಗಳನ್ನು ಇಬ್ಬರೂ ನೋಡಿದೆವು.

ನಾನು ಕಣ್ಣಿಗೆ ಟವೆಲು ಕಟ್ಟಿಕೊಂಡೆ. ಪ್ರತಿ ವೈರಿಗೆ ನಾಲ್ಕರಂತೆ ಹನ್ನೆರಡು ಚೀಟಿ ಬರೆದು ಸ್ಟೀಲಿನ ಬಟ್ಟಲಲ್ಲಿ ಕಲಸಿದ್ದಳು. ಒಂದು ಎತ್ತುವುದು, ಆ ವೈರು ಹಾಕುವುದು, ನಾನು ಹೇಳಿದ ಉತ್ತರ ಬರೆದುಕೊಳ್ಳುವುದು. ಸರಿಯೋ ತಪ್ಪೋ ಎಂದು ಬಾಯಿ ಬಿಡುವಂತಿರಲಿಲ್ಲ. ನಡುವೆ ಎರಡು ಸಲ ಗಾಡಿ ಹೋಯಿತು, ನಿಲ್ಲಿಸಿ ಕಾದೆವು.

ಟವೆಲು ಬಿಚ್ಚಿ ಲೆಕ್ಕ ನೋಡಿದಾಗ ಮುಲಾಮಿನದು ಮತ್ತು ಪೂರಾ ಬೆಳ್ಳಿಯದನ್ನು ಎಂಟು ಸಲದಲ್ಲಿ ನಾಲ್ಕು ಸಲ ಸರಿಯಾಗಿ ಹೇಳಿದ್ದೆ. ಅಂದರೆ ಕೇವಲ ಊಹೆ. ಅವೆರಡರ ನಡುವೆ ನನ್ನ ಕಿವಿಗೆ ಯಾವ ಅಂತರವೂ ಇರಲಿಲ್ಲ. ಸಾದಾ ವೈರನ್ನು ಮಾತ್ರ ನಾಲ್ಕಕ್ಕೆ ನಾಲ್ಕೂ ಸಲ ಗುರುತಿಸಿದ್ದೆ.

“ಅದು ಬಂದಾಗ ನೀವು ಯೋಚನೀನ ಮಾಡಲಿಲ್ಲ,” ಎಂದಳು ಹೆಂಡತಿ. “ಹಾಕಿದ ಕೂಡ್ಲೆ ಹೇಳಿದ್ರಿ.”

ಬರೀ ತಾಮ್ರ ಇಷ್ಟು ಬೇರೆಯಾಗಿ ಕೇಳಿಸಲು ಸಾಧ್ಯವಿರಲಿಲ್ಲ. ಮಲ್ಟಿಮೀಟರ್ ತೆಗೆದೆ. ಈ ಸಲ ಬೀಪಿಗೆ ಕಿವಿಗೊಡದೆ ಅಂಕಿ ನೋಡಿದೆ. ಕರೆಂಟಿಗೆ ಮುಲಾಮಿನದು ಒಡ್ಡುವ ತಡೆ ಒಂದು ಓಮಿಗೂ ಕಡಿಮೆ. ಬೆಳ್ಳಿಯದೂ ಹಾಗೇ. ಸಾದಾ ವೈರಿನ ಎಡಗಿವಿಯದು ಮೂವತ್ತಮೂರು ಚಿಲ್ಲರೆ, ಬಲಗಿವಿಯದು ಮೂವತ್ತಮೂರು ಚಿಲ್ಲರೆ. ಸವೆದ ವೈರಾಗಿದ್ದರೆ ಎರಡೂ ಕಡೆ ಇಷ್ಟು ಸರಿಸಮ ಬರುವುದಿಲ್ಲ. ಯಾರೋ ಒಳಗೆ ರೆಸಿಸ್ಟರ್ ಕೂರಿಸಿದ್ದರು, ಕರೆಂಟನ್ನು ತಡೆಯುವ ಅಕ್ಕಿಕಾಳಿನಷ್ಟು ಚಿಕ್ಕ ವಸ್ತು.

ಅಷ್ಟು ತಿಳಿದೊಡನೆ ಉಳಿದದ್ದೆಲ್ಲ ಬಿಡಿಸಿಕೊಂಡಿತು. ನಮ್ಮ ಇಯರ್‌ಫೋನಿನೊಳಗೆ ಕೆಳಗಿನ ಸ್ವರಗಳಿಗೆ ಒಂದು, ಮೇಲಿನವಕ್ಕೆ ಇನ್ನೊಂದು ಪುಟಾಣಿ ಸ್ಪೀಕರ್ ಇದ್ದವು. ಇದರಲ್ಲಿ ಮೇಲಿನ ಸ್ವರಗಳಿಗೆ ಕರೆಂಟು ಹೆಚ್ಚು ಬೇಕು. ದಾರಿಯಲ್ಲಿ ತಡೆ ಬಂದರೆ ಮೊದಲ ಪೆಟ್ಟು ಅವಕ್ಕೇ. ನಾನು ಎಂಟು ದಿನ ಆ ಪೆಟ್ಟನ್ನು ಸರಿಮಾಡುತ್ತ ಅಕ್ಕಾವರ ದನಿಗೆ ಇಲ್ಲದ ಹೊಳಪು ತುಂಬಿದ್ದೆ. ತಡೆ ಇದ್ದದ್ದು ನನ್ನ ಕಿವಿಯ ದಾರಿಯಲ್ಲಿ. ಸಿ.ಡಿ.ಗೆ ಹೋದದ್ದು ಬರೀ ಹೊಳಪು.

ಬ್ಲೇಡು ತೆಗೆದು, ವೈರನ್ನು ಕಂಪ್ಯೂಟರಿಗೆ ಸಿಕ್ಕಿಸುವ ಜ್ಯಾಕಿನ ಮೇಲಿನ ಕಪ್ಪು ಕವಚವನ್ನು ಸೀಳಲು ಹೋದೆ. ಹೆಂಡತಿ ಕೈ ಹಿಡಿದಳು.

“ಇಲ್ಲಿ ಬಿಚ್ಚಬ್ಯಾಡ್ರಿ. ನೀವ ಹಾಕೀರಿ ಅಂತ ಅವಾ ಅಂದ್ರ ಏನ ಹೇಳ್ತೀರಿ? ಅವನ ಮುಂದ ಬಿಚ್ಚರಿ.”

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ಹಿಡಿದೆ. ವ್ಯಾಪಾರಿಯ ಮನೆ ಗೋಪನಕೊಪ್ಪದಲ್ಲಿತ್ತು, ಮುಂದಿನ ಕೋಣೆಯೇ ಅಂಗಡಿ. ನನ್ನನ್ನು ಕಂಡು ಎದ್ದು ನಿಂತು ಚಹಾ ಹೇಳಿದ. ನಾನು ಮೂರು ವೈರುಗಳನ್ನು ಅವನ ಮುಂದೆ ಇಟ್ಟು, ಮೀಟರನ್ನು ಸಾದಾ ವೈರಿಗೆ ಹಚ್ಚಿ, ಪರದೆಯನ್ನು ಅವನ ಕಡೆ ತಿರುಗಿಸಿದೆ.

“ಬಿಚ್ಚಲೇನ್ರಿ?”

ಅವನು ಅಂಕಿಯನ್ನೂ ನನ್ನನ್ನೂ ನೋಡಿದ. ಆಮೇಲೆ ಡ್ರಾವರಿನಿಂದ ತಾನೇ ಬ್ಲೇಡು ತೆಗೆದು ಕವಚ ಸೀಳಿದ. ಗಟ್ಟಿಯಾದ ಅಂಟಿನ ನಡುವೆ ಎರಡು ಸಣ್ಣ ರೆಸಿಸ್ಟರು. ಕಿತ್ತಳೆ, ಕಿತ್ತಳೆ, ಕಪ್ಪು ಪಟ್ಟಿ. ಮೂವತ್ತಮೂರು ಓಮಿನ ಗುರುತು.

“ನಾನ ಕುಂಡ್ರಿಸೀನಿ,” ಎಂದ.

ನಾನು ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನು ಇಷ್ಟು ಬೇಗ ಒಪ್ಪಿದ್ದರಿಂದ ಅವೆಲ್ಲ ಬಾಯಲ್ಲೇ ಉಳಿದವು. “ಯಾಕ್ರಿ?” ಎಂದಷ್ಟೇ ಕೇಳಿದೆ.

“ಮೂರೂ ಒಂದ ಸಮ ಕೇಳಿದ್ರ ಬೆಳ್ಳೀದು ಯಾರ ತಗೋತಾರ? ನನಗೂ ಅವೆರಡರಾಗ ಏನೂ ಫರಕ ತಿಳಿಯೂದಿಲ್ರಿ. ಒಂದ ಮಬ್ಬಾಗಿದ್ರ ಉಳದದ್ದು ಛಲೋ ಅನಸ್ತಾವ. ಇದು ತೋರಸಾಕ ಇಟ್ಟದ್ದು, ಮಾರಾಕಲ್ಲ.” ಸ್ವಲ್ಪ ತಡೆದು ಕೇಳಿದ, “ನಿಮಗ ಏನ ಲುಕ್ಸಾನ ಆತು?”

ಅಕ್ಕಾವರ ಸಿ.ಡಿ.ಯ ಸಂಗತಿ ಹೇಳಿದೆ. ಅವನು ಚಹಾದ ಕಪ್ಪನ್ನು ಕೆಳಗಿಟ್ಟ. ಮುಖದಲ್ಲಿ ನಿಜವಾದ ಗಲಿಬಿಲಿ ಇತ್ತು.

“ಇದನ್ನ ಹಾಕ್ಕೊಂಡು ಕೆಲಸ ಮಾಡಿದ್ರಿ? ಎಂಟ ದಿನ? ಛಲೋ ಕೇಳೂವು ಎರಡ ಕೈಯಾಗ ಇದ್ದು ಕೆಟ್ಟದ್ದನ್ನ ಯಾಕ ಹಿಡದ್ರಿ?”

“ನಿಮ್ಮ ಮ್ಯಾಲ ನಂಬಿಕಿ ಇದ್ದಿಲ್ಲ.”

“ನನ್ನ ಮ್ಯಾಲ ಇಲ್ಲಂದ್ರ ಮೂರೂ ತಿರುಗಿ ಒಗೀಬೇಕಿತ್ತಲ್ರಿ.”

ಮೋಸ ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಒಡ್ಡಿದ ಬಲೆ ಬೆಳ್ಳಿ ಕೊಳ್ಳುವವರಿಗಾಗಿ ಇತ್ತು. ಅದರಿಂದ ತಪ್ಪಿಸಿಕೊಳ್ಳಲು ಹೋಗಿ ನನ್ನದೇ ಅನುಮಾನದ ಬಲೆಗೆ ಬಿದ್ದವನು ನಾನು. ಎದ್ದು ನಿಂತಾಗ ಅವನು ಮುಲಾಮಿನ ವೈರನ್ನು ನನ್ನ ಕಡೆ ಸರಿಸಿದ. “ಕೆಲಸ ಮುಗಿಯೂತನಕ ಇಟ್ಕೋರಿ. ಕಾಗದಾ ಬರದ ಕೊಡ್ರಿ ಅಂತ ಇನ್ನ ಕೇಳೂದಿಲ್ಲ.” ನಾನು ಅವನೆದುರಿಗೇ ಅದನ್ನು ಮತ್ತೊಮ್ಮೆ ಅಳೆದು ನೋಡಿ ಚೀಲಕ್ಕೆ ಹಾಕಿಕೊಂಡೆ. ಅವನು ಬೇಸರಪಟ್ಟುಕೊಳ್ಳಲಿಲ್ಲ.

ಮಾಲಕರಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಪ್ರತಿಗಳ ಕೆಲಸ ಅರ್ಧ ಮುಗಿದಿತ್ತು. ಶಿಷ್ಯೆಯರು ಬಿಡುಗಡೆಗೆ ಸಭಾಗೃಹ ಗೊತ್ತುಮಾಡಿದ್ದರು.

“ಕೇಳೂ ಮಂದಿಗೆ ಅಷ್ಟೆಲ್ಲ ತಿಳಿಯೂದಿಲ್ಲ,” ಎಂದರು ಮಾಲಕರು. “ಸ್ವಲ್ಪ ಚುರುಕ ಕೇಳತೈತಿ, ಅಷ್ಟ.”

“ಅಕ್ಕಾರಿಗೆ ತಿಳದೈತ್ರಿ.”

“ಅವರು ವಯಸ್ಸಿಂದು ಅಂತ ಒಪ್ಪಿಕೊಂಡ ಹೋದ್ರಲ್ಲ.”

“ಒಪ್ಪಿಕೊಂಡದ್ದ ತಪ್ಪ ಆಗೇತ್ರಿ. ನಾವು ಒಪ್ಪಿಸಿ ಕಳಿಸೇವಿ.”

ಅವರು ಪ್ರತಿಗಳ ಖರ್ಚಿನ ಲೆಕ್ಕ ತೆಗೆದು ನೋಡಿದರು. ಕೊನೆಗೆ, ಅಕ್ಕಾವರು ಹೇಗೆ ಹೇಳಿದರೆ ಹಾಗೆ, ಆದರೆ ಹೋಗಿ ಹೇಳಬೇಕಾದವನು ನೀನು ಎಂದರು. ಅವರು ಹೇಳದಿದ್ದರೂ ನಾನು ಹೋಗುವವನೇ ಇದ್ದೆ. ಆದರೆ ಆ ಮಾತನ್ನು ಕೇಳಿದ ಮೇಲೆ ಹೊರಡಲು ಸುಲಭವಾಯಿತು.

ಅಕ್ಕಾವರ ಮನೆಯ ಪಡಸಾಲೆಯಲ್ಲಿ ತಂಬೂರಿಗೆ ಗವಸು ಹಾಕಿ ಮೂಲೆಗೆ ಒರಗಿಸಿದ್ದರು. ಪಾಠದ ಹೊತ್ತು, ಆದರೆ ಒಬ್ಬ ಶಿಷ್ಯೆಯೂ ಇರಲಿಲ್ಲ. ನೀರು ಕೊಟ್ಟು ಎದುರಿಗೆ ಕೂತರು. ನಾನು ಚುಕ್ಕಿಯ ತಪ್ಪಿನಿಂದ ಹಿಡಿದು ಹುಬ್ಬಳ್ಳಿಯವರೆಗೆ ಏನನ್ನೂ ಬಿಡದೆ ಹೇಳಿದೆ. ಓಮು, ರೆಸಿಸ್ಟರು ಅವರಿಗೆ ಗೊತ್ತಿರಲಿಲ್ಲ. ಎರಡು ಸಲ ತಡೆದು ಕೇಳಿ ತಿಳಿದುಕೊಂಡರು.

“ಅಂದ್ರ, ನೀ ತಲೀ ಮ್ಯಾಲ ಕಂಬಳಿ ಹೊಚ್ಕೊಂಡ ಕುಂತಿದ್ದಿ. ನಿನಗ ಕೇಳಲಿಲ್ಲಂತ ನನ್ನ ಚೀರಿಸಿದಿ.”

“ಹೌದ್ರಿ.”

“ಹಂಗಾರ ನನ್ನ ಗಂಟಲಕ್ಕ ಏನೂ ಆಗಿಲ್ಲ?”

“ಏನೂ ಆಗಿಲ್ರಿ ಅಕ್ಕಾರ. ಮುದ್ರಣ ಮಾಡಿದ್ದು ಹಂಗ ಐತಿ. ಅದರ ಮ್ಯಾಲ ನಾ ಮಾಡಿದ್ದು ಕೆಟ್ಟೈತಿ.”

ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ದನಿ ಏರಿಸದೆ ಹೇಳಿದರು: “ಆ ದಿನದಿಂದ ನಾ ಹಾಡಿಲ್ಲ, ತಮ್ಮಾ. ಮುಂಜಾನೆ ಎದ್ದು ಷಡ್ಜ ಹಚ್ಚಾಕ ಅಂಜಿಕಿ ಬರಾಕತ್ತಿತ್ತು. ಹುಡುಗ್ಯಾರಿಗೆ ಬ್ಯಾರೆ ಕಡೆ ಹೋಗ್ರಿ ಅಂದೀನಿ. ಇಂಥಾ ಗಂಟಲ ಇಟ್ಕೊಂಡು ಮಂದೀಗೆ ಏನ ಕಲಸೂದು ಅಂತ. ಅವತ್ತ ಸ್ಟುಡಿಯೋದಾಗ ನಿನ್ನ ಮಾರಿ ನೋಡಿದ್ನಿ. ನೀ ಒಂದ ಮಾತ ಆಡಲಿಲ್ಲ.”

ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಪ್ಪಾಯಿತೆಂದೆ. ಅವರು ಎದ್ದು ಹೋಗಿ ತಂಬೂರಿಯ ಮುಂದೆ ನಿಂತರು, ಆದರೆ ಗವಸು ತೆಗೆಯಲಿಲ್ಲ.

“ಬಿಡುಗಡಿ ಮುಂದ ಹಾಕಾಕ ನಾ ಹುಡುಗ್ಯಾರಿಗೆ ಹೇಳ್ತೇನಿ. ನಾಳಿಂದ ನಾನೂ ಬಂದ ಕೂಡ್ತೇನಿ. ನಿನ್ನ ಕಿವಿ ಒಂದ ಇದ್ರ ಆಗೂದಿಲ್ಲ.”

ಅಕ್ಕಾವರು ಹೇಳಿದಂತೆಯೇ ಬಂದರು. ಪ್ರತಿ ತೆಗೆಯುವುದನ್ನು ಮಾಲಕರು ನಿಲ್ಲಿಸಿದ್ದರು. ನಾನು ಎಂಟು ಹಾಡುಗಳನ್ನೂ ಬಿಚ್ಚಿ, ಏರಿಸಿದ್ದನ್ನೆಲ್ಲ ಸೊನ್ನೆಗೆ ತಂದು, ಮೊದಲಿನಿಂದ ಶುರುಮಾಡಿದೆ. ಮುಲಾಮಿನ ವೈರಿನಲ್ಲಿ ಒಂದು ಹಾಡು ಹದಮಾಡುವುದು, ಗಾಡಿಗಳ ನಡುವಿನ ಬಿಡುವಿನಲ್ಲಿ ಸ್ಪೀಕರಿನಲ್ಲಿ ಕೇಳುವುದು, ಆಮೇಲೆ ಮನೆಯಿಂದ ಹೊತ್ತು ತಂದಿದ್ದ ನಮ್ಮ ಸಾಧಾರಣ ಪ್ಲೇಯರಿನಲ್ಲಿ ಕೇಳುವುದು. ಮೂರೂ ಕಡೆ ಒಪ್ಪಿಗೆಯಾಗದೆ ಮುಂದೆ ಹೋಗುತ್ತಿರಲಿಲ್ಲ. ಮೊದಲ ದಿನ ಅಕ್ಕಾವರು ಇಯರ್‌ಫೋನನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೆಳಗಿಟ್ಟರು. ಸ್ಪೀಕರಿನಲ್ಲಿ ಬಂದಾಗ ಮಾತ್ರ ಕೇಳುತ್ತಿದ್ದರು. ನಾನು ಯಾವುದಾದರೂ ಗುಂಡಿ ಮುಟ್ಟಿದರೆ, “ಈಗ ಏನ ಮಾಡಿದಿ?” ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಆ ಪ್ರಶ್ನೆ ಕೇಳಿಸಿಕೊಳ್ಳಬೇಕಾದ್ದೇ ಎಂದು ನನಗೂ ಗೊತ್ತಿತ್ತು.

ನಾಲ್ಕನೆಯ ದಿನ ಎಂಟೂ ಹಾಡು ಮುಗಿದವು. ಅಕ್ಕಾವರು ತಾವಾಗಿಯೇ ಇಯರ್‌ಫೋನ್ ಕೇಳಿದರು. ನಾನು ಚುಕ್ಕಿ ನೋಡಿ, ಅವರ ಕಿವಿಗೆ ಸರಿಯಾಗಿ ಕೂರಿಸಿ, ಮೊದಲಿನಿಂದ ಹಚ್ಚಿದೆ. ಕಣ್ಣು ಮುಚ್ಚಿ ಕೂತರು. ಒಂದು ತಾಸಿನಷ್ಟು ಹೊತ್ತು ಅಲುಗಾಡಲಿಲ್ಲ. ಅವರ ಮುಖದಲ್ಲಿ ಒಪ್ಪಿಗೆ ಹುಡುಕುತ್ತ ನಾನು ಮುಂದಕ್ಕೆ ಬಾಗಿ ಕೂತಿದ್ದೆ, ಏನೂ ಸಿಗಲಿಲ್ಲ. ಏಳನೆಯ ಹಾಡಿನ ಕೊನೆಗೆ ಬರುವಾಗ ಕೈ ಎತ್ತಿದರು. ನಿಲ್ಲಿಸಿದೆ.

“ಅದೊಂದ ಸಾಲ ಮತ್ತ ಹಚ್ಚು.”

ಹಚ್ಚಿದೆ. ಮೇಲಿನ ಸ್ವರವನ್ನು ಮುಟ್ಟಿ ನಿಲ್ಲಬೇಕಾದ ಜಾಗದಲ್ಲಿ ದನಿ ಒಂದು ಗಳಿಗೆ ಸಣ್ಣಗಾಗಿ, ಮತ್ತೆ ತುಂಬಿಕೊಳ್ಳುತ್ತಿತ್ತು. ಹಳೆಯ ಪ್ರತಿಯಲ್ಲಿ ಇದು ಕೇಳಿಸಿರಲೇ ಇಲ್ಲ.

“ಕೇಳಿದ್ಯಾ? ಅಲ್ಲಿ ಉಸರು ಸಾಲಲಿಲ್ಲ.”

“ಸರಿ ಮಾಡಬಹುದ್ರಿ,” ಎಂದು ಅವಸರದಿಂದ ಹೇಳಿದೆ. “ನೀವು ಇನ್ನೊಂದ ಸಲ ಹಾಡಿದ ಟೇಕಿನ್ಯಾಗ ಇದ ಸಾಲು ಐತಿ, ಕತ್ತರಿಸಿ ಕೂಡಸಬಹುದು. ಗೊತ್ತ ಆಗೂದಿಲ್ಲ.”

ಅಕ್ಕಾವರು ಇಯರ್‌ಫೋನನ್ನು ಒಂದೊಂದಾಗಿ ಕಿವಿಯಿಂದ ತೆಗೆದು ನನ್ನ ಕೈಗೆ ಕೊಟ್ಟರು.

“ಬ್ಯಾಡ. ಅದು ನಂದ ತಪ್ಪು. ಅದನ್ನ ಹಾಂಗ ಬಿಡು.”